ಉಳಿದವನು ಏಕೆ ಉಳಿದನು?

ಕೆಲವು ತಿಂಗಳುಗಳ ಹಿಂದೆ ನಾವು ಇದೇ ಸ್ಥಳದಲ್ಲಿ ನಮ್ಮ ಕರಾವಳಿಯ ಹುಡುಗರ ನಡತೆಯ ವಿಷಯವಾಗಿ ತುಸು ಖಾರವಾಗಿಯೇ ಬರೆದಿದ್ದೆವು. ಹೆದ್ದಾರಿಯ ಬದಿಯ ಗೂಡಂಗಡಿಗಳ ಮುಂದೆ ಹದಿನಾಲ್ಕು ಹದಿನೈದರ ಪೋರರು ಬಾಯಿ ತುಂಬ ಜಗಿಯುತ್ತ ನಿಂತುದನ್ನು ಕಂಡು ಹುಟ್ಟಿದ ಸಿಟ್ಟೆಲ್ಲವೂ ಆ ಬರಹದಲ್ಲಿ ಇಳಿದಿತ್ತು. ತಂದೆತಾಯಿಗಳು ಮಕ್ಕಳನ್ನು ಹದ್ದಿನಲ್ಲಿ ಇಟ್ಟುಕೊಳ್ಳತಕ್ಕದ್ದು, ಪೋಲೀಸರು ಅಂಗಡಿಕಾರರನ್ನು ದಂಡಿಸತಕ್ಕದ್ದು, ಉಪಾಧ್ಯಾಯರು ಬೆತ್ತವನ್ನು ಮರೆಯಬಾರದಾಗಿತ್ತು ಎಂದು ಮೂರು ಮಾತಿನಲ್ಲಿ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದೆವು. ಓದಿದ ಅನೇಕ ಮಹನೀಯರು ಮೆಚ್ಚಿ ಕಾಗದ ಬರೆದರು. ಮೆಚ್ಚದೆ ಬರೆದವರು ಒಬ್ಬರೇ. ಈ ಹೊತ್ತಿನ ಬರಹಕ್ಕೆ ಆ ಒಂದು ಕಾಗದವೇ ಕಾರಣವಾಗಿರುವದು.

ಕಾಗದ ಬಂದುದು ಅಂಕೋಲಾ ತಾಲೂಕಿನ ಅಗಸೂರಿನ ಕಡೆಯಿಂದ. ಶಾಲೆಯ ಹುಡುಗರ ನೋಟುಬುಕ್ಕಿನಿಂದ ಹರಿದ ಹಾಳೆ, ದುಂಡಗಿನ ಅಕ್ಷರ. ಬರೆದವರು ಇಬ್ಬರು ಗಂಡುಮಕ್ಕಳ ತಾಯಿ. ಅವರ ಹೆಸರನ್ನಾಗಲಿ ಮನೆಯ ಗುರುತನ್ನಾಗಲಿ ನಾವು ಇಲ್ಲಿ ಕೊಡುವದಿಲ್ಲ. ಇಬ್ಬರು ಮಕ್ಕಳೂ ಒಂದೇ ಸೂರಿನ ಕೆಳಗೆ ಬೆಳೆದವರು, ಒಂದೇ ಶಾಲೆಗೆ ಹೋದವರು, ಕುಡಿದು ಬರುವ ಒಬ್ಬನೇ ತಂದೆಯ ಬೈಗುಳನ್ನು ಕೇಳಿದವರು. ಹಿರಿಯವನು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಗುಟ್ಕಾ, ಆಮೇಲೆ ಸೆರೆ, ಆಮೇಲೆ ಜಗಳ ಎಂಬ ಹಾದಿ ಹಿಡಿದನು. ಮೂರು ವರುಷಕ್ಕೆ ಕಿರಿಯವನು ಆ ಹಾದಿಗೆ ಹೋಗಲಿಲ್ಲ. ತಾಯಿಯ ಮಾತಿನ ಸಾರಾಂಶವಿಷ್ಟು: ಹಿರಿಯವನು ಏಕೆ ಕೆಟ್ಟನೆಂಬುದನ್ನು ಊರವರೆಲ್ಲ ಹೇಳಬಲ್ಲರು, ಪತ್ರಿಕೆಯವರಾದ ನೀವೂ ಹೇಳಿದಿರಿ, ಕಿರಿಯವನು ಏಕೆ ಉಳಿದನೆಂದು ಇದುವರೆಗೆ ಯಾರೊಬ್ಬರೂ ನನ್ನನ್ನು ಕೇಳಲಿಲ್ಲ, ಅದು ತಿಳಿದರಲ್ಲವೇ ನೆರೆಮನೆಯ ಮಕ್ಕಳಿಗೆ ಉಪಯೋಗ?

ಈ ಪ್ರಶ್ನೆಯನ್ನು ಓದಿ ನಮಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಮೂವತ್ತು ವರುಷ ಪತ್ರಿಕೆ ನಡೆಯಿಸಿದ ನಮಗೆ ಹೊಳೆಯದ ಪ್ರಶ್ನೆಯು ಗದ್ದೆಯ ಕೆಲಸ ಮಾಡಿ ಬಂದ ಒಬ್ಬ ತಾಯಿಗೆ ಹೊಳೆಯಿತು. ಆಶ್ಚರ್ಯದ ಸಂಗತಿಯೆಂದರೆ, ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಪೃಥ್ವಿಯ ನಾನಾ ಭಾಗಗಳ ವಿದ್ವಾಂಸರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ದುಡಿದಿರುವರು, ನಮ್ಮ ಕನ್ನಡ ನಾಡಿನಲ್ಲಿಯೂ ದುಡಿದಿರುವರು. ಅವರ ದುಡಿಮೆಯ ವಾರ್ತೆಯು ನಮ್ಮ ಹಳ್ಳಿಗಳಿಗೆ ಮುಟ್ಟಿಲ್ಲ; ಮುಟ್ಟಿಸುವದು ನಮ್ಮಂಥವರ ಕೆಲಸವಾಗಿತ್ತು.

ವೈದ್ಯಶಾಸ್ತ್ರಕ್ಕೆ ರೋಗದ ಕಾರಣವನ್ನು ಹುಡುಕುವದು ರೂಢಿ. ಆದರೆ ಒಕ್ಕಲಿಗನ ರೂಢಿಯೇ ಬೇರೆ. ನಮ್ಮ ಕರಾವಳಿಯ ಗಜನಿ ಭೂಮಿಗಳನ್ನು ಬಲ್ಲವರು ಕಗ್ಗ ಭತ್ತವನ್ನೂ ಬಲ್ಲರು. ಉಪ್ಪುನೀರು ನುಗ್ಗಿದಾಗ ಉಳಿದ ತಳಿಗಳು ಕೊಳೆತರೂ ಕಗ್ಗವು ತಲೆಯೆತ್ತಿ ನಿಲ್ಲುವದು. ನಮ್ಮ ಹಿರಿಯರು ಸತ್ತ ಪೈರನ್ನು ಎಣಿಸುತ್ತ ಕುಳಿತಿದ್ದರೆ ಕಗ್ಗವು ನಮ್ಮ ಕೈಗೆ ಬರುತ್ತಿರಲಿಲ್ಲ. ಬದುಕಿದ ಪೈರು ಯಾವುದೆಂದು ನೋಡಿ, ಅದರ ಬೀಜವನ್ನು ಕಟ್ಟಿಟ್ಟರು. ಹರೆಯದ ಮಕ್ಕಳ ಆರೋಗ್ಯದ ವಿಷಯದಲ್ಲಿಯೂ ಹೀಗೆಯೇ ನೋಡುವ ವಿದ್ಯೆಯೊಂದು ಬೆಳೆದಿದೆ. ಕೆಡುಕಿನ ನಡುವೆಯೂ ಮಗುವನ್ನು ಕಾಯುವ ಸಂಗತಿಗಳಿಗೆ ಅವರು ರಕ್ಷಕ ಅಂಶಗಳೆಂದು ಹೆಸರಿಟ್ಟಿರುವರು. ನಾವು ಸುಲಭವಾಗಿ ‘ಕಾಪು’ ಎನ್ನುವೆವು.

ಈ ವಿದ್ಯೆಯ ಮೊದಲ ದೊಡ್ಡ ಗ್ರಂಥವು ಬರೆಯಲ್ಪಟ್ಟುದು, ಹೇಳಬೇಕೆಂದರೆ, ಒಂದು ದ್ವೀಪದ ಮೇಲೆ. ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. ಕಬ್ಬಿನ ತೋಟಗಳ ಕೂಲಿಕಾರರು ಬಹಳವಿದ್ದ ಊರು. ಅಲ್ಲಿ 1955ರಲ್ಲಿ ಹುಟ್ಟಿದ 698 ಕೂಸುಗಳನ್ನು ಎಮಿ ವರ್ನರ್ ಎಂಬ ವಿದುಷಿಯೂ ಅವರ ಜತೆಗಾರ್ತಿಯಾದ ರೂತ್ ಸ್ಮಿತ್ ಅವರೂ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಸುಮಾರು ಇನ್ನೂರು ಮಕ್ಕಳು ಬಡತನ, ಕುಡುಕ ತಂದೆ, ಮನೆಯೊಳಗಿನ ಕಲಹ, ಹುಟ್ಟಿನ ಕಾಲದ ತೊಂದರೆ ಇಂಥ ನಾಲ್ಕಾರು ಹೊರೆಗಳನ್ನು ಒಟ್ಟಿಗೆ ಹೊತ್ತವರು. ಇವರೆಲ್ಲ ಹಾಳಾಗುವರೆಂದು ಯಾರೂ ಹೇಳಬಹುದಾಗಿತ್ತು. ಆದರೆ ಅವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ದುಡಿದು ತಿನ್ನುವ, ಪರರ ನೋವನ್ನು ಅರಿಯುವ ಸಮರ್ಥ ಮನುಷ್ಯರಾದರು. ಇವರನ್ನು ಕಾಯ್ದುದೇನೆಂದು ಹುಡುಕಿದಾಗ ಸಿಕ್ಕಿದ್ದು ಯಾವ ಔಷಧಿಯೂ ಅಲ್ಲ. ಮಗುವನ್ನು ಪೂರ್ಣವಾಗಿ ಒಪ್ಪಿಕೊಂಡ ಒಬ್ಬ ಹಿರಿಯ ಜೀವ, ಅಜ್ಜಿಯೋ ಅಕ್ಕನೋ ನೆರೆಯವರೋ ಗುರುವೋ. ಮನೆಯಲ್ಲಿ ಆ ಮಗುವನ್ನೇ ನೆಚ್ಚಿದ ಒಂದು ಕೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥಾದ್ದು. ಹೊರಗೆ ಸೇರಿಸಿಕೊಂಡ ಒಂದು ಸಂಘ. ಇಷ್ಟೇ.

‘ನಮ್ಮಜ್ಜಿಗೂ ಗೊತ್ತಿದ್ದ ಮಾತು’ ಎಂದು ವಾಚಕರು ನಗಬಹುದು. ನಾವೂ ಮೊದಲು ನಕ್ಕೆವು. ಆದರೆ ಅಜ್ಜಿಗೆ ಗೊತ್ತಿರುವ ಮಾತಿಗೂ ಎಣಿಸಿ ತೋರಿಸಿದ ಮಾತಿಗೂ ಅಂತರವುಂಟು. ಅಜ್ಜಿಯ ಮಾತಿಗೆ ಸರಕಾರದ ಖಜಾನೆಯು ಬಾಯಿ ತೆರೆಯುವದಿಲ್ಲ.

ಎಣಿಕೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಅಮೇರಿಕದಲ್ಲಿ ಏಳರಿಂದ ಹನ್ನೆರಡನೆಯ ಇಯತ್ತೆಯವರೆಗಿನ 12,118 ಮಕ್ಕಳನ್ನು ಮನೆಗೆ ಹೋಗಿ ವಿಚಾರಿಸಿ, ಮೈಕೇಲ್ ರೆಸ್ನಿಕ್ ಎಂಬವರೂ ಅವರ ಸಂಗಡಿಗರೂ 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನೆಯವರು ತನ್ನವರೆಂಬ ಭಾವನೆ, ಶಾಲೆಯು ತನ್ನದೆಂಬ ಭಾವನೆ, ಇವೆರಡೂ ಇದ್ದ ಮಕ್ಕಳಲ್ಲಿ ಧೂಮಪಾನ, ಮದ್ಯ, ಗಾಂಜಾ, ಹೊಡೆದಾಟ, ಮನಸ್ಸಿನ ಕಳವಳ, ಆತ್ಮಹತ್ಯೆಯ ಯೋಚನೆ ಇವೆಲ್ಲವೂ ಕಡಿಮೆ ಕಂಡವು. ಶಾಲೆಯ ಕಟ್ಟಡ ಎಷ್ಟು ದೊಡ್ಡದು, ತರಗತಿಯಲ್ಲಿ ಎಷ್ಟು ಜನ ಎಂಬುದಕ್ಕಿಂತ, ಗುರುಗಳು ನನ್ನನ್ನು ಸರಿಯಾಗಿ ನಡೆಯಿಸಿಕೊಳ್ಳುವರು ಎಂಬ ಹುಡುಗನ ನಂಬಿಗೆಯೇ ಹೆಚ್ಚು ಕಾಯ್ದಿತು. ಅದೇ ಎಣಿಕೆಯಲ್ಲಿ ಮತ್ತೊಂದು ಮಾತೂ ಹೊರಬಿತ್ತು. ವಾರಕ್ಕೆ ಇಪ್ಪತ್ತು ತಾಸು, ಅದಕ್ಕೂ ಮೇಲೆ ಸಂಬಳಕ್ಕೆ ದುಡಿಯುವ ಮಕ್ಕಳಲ್ಲಿ ಕಳವಳವೂ ಚಟವೂ ಹೆಚ್ಚು. ಮನೆಯಲ್ಲಿಯೇ ಸೆರೆಯೂ ತಂಬಾಕೂ ಕೈಗೆಟುಕುವಂತಿದ್ದಲ್ಲಿಯೂ ಹಾಗೆಯೇ. ಮಗನನ್ನು ಬೀಡಿ ತರಲು ಅಂಗಡಿಗೆ ಕಳಿಸುವ ತಂದೆಗಳು ಈ ವಾಕ್ಯವನ್ನು ಇನ್ನೊಮ್ಮೆ ಓದಲಿ.

ಆದರೆ ಅಮೇರಿಕದ ಎಣಿಕೆಯನ್ನು ತಂದು ಅಂಕೋಲೆಗೆ ಅಂಟಿಸುವದು ನಮಗೆ ಸಮ್ಮತವಲ್ಲ. ಆದುದರಿಂದ ಮನೆಯ ಹತ್ತಿರಕ್ಕೆ ಬರುವೆವು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ ಕುಮಾರ ಇವರು ಕರ್ನಾಟಕದ ನಾಲ್ಕು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಜೀವನ ಕೌಶಲದ ಶಿಕ್ಷಣವೆಂಬ ಕಾರ್ಯವನ್ನು ಕೈಕೊಂಡಿದ್ದರು. ಸಿಟ್ಟು ಬಂದಾಗ ಏನು ಮಾಡಬೇಕು, ಸಂಗಡಿಗನು ಬೀಡಿ ಮುಂದೊಡ್ಡಿದಾಗ ಸ್ನೇಹ ಕೆಡದಂತೆ ಬೇಡವೆನ್ನುವದು ಹೇಗೆ, ಮನಸ್ಸಿನ ನೋವನ್ನು ಯಾರಲ್ಲಿ ಹೇಳಿಕೊಳ್ಳಬೇಕು ಇಂಥವುಗಳನ್ನು ಉಪದೇಶದಿಂದಲ್ಲ, ಆಟದಿಂದ, ಚರ್ಚೆಯಿಂದ ಕಲಿಸುವದು. ಕಲಿಸಿದವರು ಹೊರಗಿನ ವೈದ್ಯರಲ್ಲ, ತರಬೇತಿ ಪಡೆದ ಆಯಾ ಶಾಲೆಯ ಉಪಾಧ್ಯಾಯರೇ. ಒಂದು ವರುಷದ ತರುವಾಯ ಈ ಶಿಕ್ಷಣ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಡನೆ ಹೋಲಿಸಿ 2010ರಲ್ಲಿ ಫಲವನ್ನು ಪ್ರಕಟಿಸಿದರು. ಕಲಿತ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟವನ್ನು ಎದುರಿಸುವ ಬಗೆ ಚೆನ್ನಾಗಿತ್ತು, ಶಾಲೆಯೊಡನೆ ಮತ್ತು ಗುರುಗಳೊಡನೆ ಹೊಂದಿಕೆ ಹೆಚ್ಚಿತ್ತು. ಮನೆಯೊಡನೆ ಹೊಂದಿಕೆಯಲ್ಲಿ ಮಾತ್ರ ಏನೂ ಅಂತರ ಕಾಣಲಿಲ್ಲ, ಓರಗೆಯವರೊಡನೆಯೂ ಕಾಣಲಿಲ್ಲ. ಈ ಕೊನೆಯ ಮಾತನ್ನು ಅವರು ಮುಚ್ಚಿಡದೆ ಬರೆದುದು ನಮಗೆ ಮೆಚ್ಚಿಗೆಯಾಯಿತು. ಶಾಲೆಯೊಳಗೆ ಮಾಡಿದ ಕೆಲಸವು ಶಾಲೆಯ ಗೋಡೆಯವರೆಗೆ ಹೋಯಿತು. ಮನೆಯ ಹೊಸ್ತಿಲನ್ನು ದಾಟಲಿಲ್ಲ.

ಇದಕ್ಕಿಂತಲೂ ನಮ್ಮನ್ನು ಹೆಚ್ಚು ವಿಚಾರಕ್ಕೆ ಹಚ್ಚಿದುದು ಬಿಹಾರದ ನಾಲಂದಾ ಜಿಲ್ಲೆಯ ಪ್ರಯೋಗ. ‘ಸೇಹರ್’ ಎಂಬುದು ಅದರ ಹೆಸರು. ಸರಕಾರೀ ಪ್ರೌಢಶಾಲೆಗಳು 74. ಅವುಗಳನ್ನು ಚೀಟಿಯೆತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನ ಶಾಲೆಗಳಲ್ಲಿ ಇದೇ ಕೆಲಸಕ್ಕೆಂದು ನೇಮಿಸಿದ ಒಬ್ಬ ‘ಮಿತ್ರ’. ಆತನು ವೈದ್ಯನೂ ಅಲ್ಲ, ಮನಃಶಾಸ್ತ್ರಜ್ಞನೂ ಅಲ್ಲ, ತರಬೇತಿ ಪಡೆದ ಸಾಧಾರಣ ವ್ಯಕ್ತಿ. ಎರಡನೆಯ ಪಾಲಿನಲ್ಲಿ ಅದೇ ಕೆಲಸವನ್ನು ಶಾಲೆಯ ಒಬ್ಬ ಉಪಾಧ್ಯಾಯರಿಗೆ ವಹಿಸಿದರು. ಮೂರನೆಯದರಲ್ಲಿ ರೂಢಿಯ ಪಾಠ ಮಾತ್ರ. ಪ್ರಾರ್ಥನೆಯ ವೇಳೆಯಲ್ಲಿ ಮಾತು, ಗೋಡೆಪತ್ರಿಕೆ, ಹೆಸರು ಬರೆಯದೆ ದೂರು ಹಾಕುವ ಪೆಟ್ಟಿಗೆ, ಬೇಕಾದವರಿಗೆ ಒಂಟಿಯಾಗಿ ಕುಳಿತು ಸಲಹೆ, ಇವು ಕೆಲಸದ ಬಗೆಗಳು. 2018ರಲ್ಲಿ ಡಾ. ವಿಕ್ರಮ ಪಟೇಲರೂ ಸಂಗಡಿಗರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ‘ಮಿತ್ರ’ನಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣವೇ ಬದಲಾಗಿತ್ತು. ಖಿನ್ನತೆ, ಹೊಡೆದಾಟ, ಬಲಿಷ್ಠರು ದುರ್ಬಲರನ್ನು ಪೀಡಿಸುವದು ಇವು ಎದ್ದು ಕಾಣುವಂತೆ ಇಳಿದಿದ್ದವು. ಉಪಾಧ್ಯಾಯರಿಗೆ ವಹಿಸಿದ ಶಾಲೆಗಳಲ್ಲಿ? ಏನೂ ಆಗಿರಲಿಲ್ಲ. ಏನನ್ನೂ ಮಾಡದ ಶಾಲೆಗಳಿಗೂ ಅವಕ್ಕೂ ಭೇದವಿರಲಿಲ್ಲ.

ಇದನ್ನು ಓದಿ ಉಪಾಧ್ಯಾಯವರ್ಗದ ಮೇಲೆ ಬೆರಳೆತ್ತುವವರು ತಡೆಯಲಿ. ಮೇಲೆ ಹೇಳಿದ ನಮ್ಮ ನಾಡಿನ ಕಾರ್ಯದಲ್ಲಿ ಫಲ ತಂದವರೂ ಉಪಾಧ್ಯಾಯರೇ ಅಲ್ಲವೇ? ಹೀಗಿರಲು ಭೇದವೆಲ್ಲಿಯದು? ನಮಗೆ ತೋರುವ ಊಹೆಯನ್ನು ಹೇಳುವೆವು. ತಪ್ಪಿದ್ದರೆ ಬಲ್ಲವರು ತಿದ್ದಲಿ. ನಮ್ಮ ನಾಡಿನಲ್ಲಿ ಉಪಾಧ್ಯಾಯರಿಗೆ ಕೊಟ್ಟುದು ಕಲಿಸುವ ಕೆಲಸ. ಅದು ಅವರ ಕೈಗೆ ಒಗ್ಗಿದ್ದು. ಬಿಹಾರದಲ್ಲಿ ಕೊಟ್ಟುದು ಕೇಳುವ ಕೆಲಸ. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಇವೆಲ್ಲವನ್ನೂ ಹೊತ್ತವನ ಬೆನ್ನ ಮೇಲೆ ಇನ್ನೊಂದು ಮೂಟೆಯನ್ನಿಟ್ಟರೆ ಆತನು ಯಾವಾಗ ಹುಡುಗನ ಎದುರು ಕುಳಿತು ಕೇಳಬೇಕು? ಮೇಲಾಗಿ, ಅಂಕ ಕೊಡುವವನ ಮುಂದೆ ಹುಡುಗನು ಮನಸ್ಸು ಬಿಚ್ಚುವದು ಕಷ್ಟ. ನಾವು ಮ್ಯಾಟ್ರಿಕ್ ಓದುತ್ತಿದ್ದಾಗ ನಮ್ಮ ಹೆಡ್‌ಮಾಸ್ತರರಿಗೆ ಏನೇನು ಹೇಳಿದ್ದೆವು, ಏನೇನು ಹೇಳಿರಲಿಲ್ಲ ಎಂಬುದನ್ನು ನೆನೆದರೆ ಸಾಕು.

ಇನ್ನು ಮೂರನೆಯದೊಂದು ಪ್ರಯತ್ನ. ಇದು ನಮ್ಮದೇ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳದು. ಇದರ ವಿಷಯವಾಗಿ ಸ್ವಲ್ಪ ನಿಧಾನವಾಗಿ ಹೇಳುವದು ಅವಶ್ಯ. ಏಕೆಂದರೆ ಇದು ಸೋತ ಕಥೆ, ಸೋತ ಕಥೆಗಳನ್ನು ನಮ್ಮಲ್ಲಿ ಯಾರೂ ಹೇಳುವದಿಲ್ಲ. ಆ ಪ್ರಾಂತದ ಪರಿಶಿಷ್ಟ ಜಾತಿ ಪಂಗಡಗಳ ಹೆಣ್ಣುಮಕ್ಕಳು ಏಳನೆಯ ಇಯತ್ತೆ ಮುಗಿಸಿ ಪ್ರೌಢಶಾಲೆಗೆ ಹೋಗುವ ಹೊತ್ತಿಗೆ ಶಾಲೆ ಬಿಡುವದೂ, ಬಾಲ್ಯದಲ್ಲಿಯೇ ಲಗ್ನವಾಗುವದೂ, ಕೆಲವರು ದೇವದಾಸೀ ಪದ್ಧತಿಯ ಕೊಳೆಯ ಮೂಲಕ ಇನ್ನೂ ಕೆಟ್ಟ ಬಾಳಿಗೆ ಬೀಳುವದೂ ಬಹುಕಾಲದ ವ್ಯಥೆ. ಶಾಲೆಯೇ ಈ ಹುಡುಗಿಯರ ದೊಡ್ಡ ಕಾಪು ಎಂಬ ನಂಬಿಗೆಯಿಂದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸಂಸ್ಥೆಯು ಲಂಡನ್ನಿನ ವಿದ್ವಾಂಸರ ಸಹಾಯದಿಂದ 2014ರಿಂದ 2017ರವರೆಗೆ ‘ಸಮತಾ’ ಎಂಬ ಪ್ರಯೋಗವನ್ನು ನಡೆಯಿಸಿತು. 80 ಹಳ್ಳಿಗಳು, ಅರ್ಧದಲ್ಲಿ ಕೆಲಸ, ಅರ್ಧದಲ್ಲಿ ಬರಿಯ ಎಣಿಕೆ. ಹುಡುಗಿಯರ ಕೂಟ ಕಟ್ಟಿದರು, ತಂದೆತಾಯಿಗಳ ಮನೆಗೆ ನಡೆದರು, ಹುಡುಗರೊಡನೆ ಮಾತನಾಡಿದರು, ಶಾಲೆಯ ಮೇಲ್ವಿಚಾರಣೆಯ ಸಮಿತಿಗಳನ್ನು ಎಬ್ಬಿಸಿದರು. ಮೊದಲು ಸೇರಿದ ಹುಡುಗಿಯರು 2,457. ಕೊನೆಯವರೆಗೆ ಸಿಕ್ಕವರು 2,275.

2019ರಲ್ಲಿ ಪ್ರಕಟವಾದ ಫಲವು ಹೀಗಿತ್ತು. ಸುಮಾರು ಕಾಲುಪಾಲು ಹುಡುಗಿಯರು ಪ್ರೌಢಶಾಲೆಯನ್ನು ಪೂರೈಸಿರಲಿಲ್ಲ. ಸುಮಾರು ಹತ್ತರಲ್ಲೊಬ್ಬಳಿಗೆ ಲಗ್ನವಾಗಿತ್ತು. ಕೆಲಸ ಮಾಡಿದ ಹಳ್ಳಿಗೂ ಮಾಡದ ಹಳ್ಳಿಗೂ ಹೇಳತಕ್ಕಷ್ಟು ಭೇದವಿರಲಿಲ್ಲ.

ಕಷ್ಟಪಟ್ಟವರಿಗೆ ಇದು ಎಷ್ಟು ನೋವನ್ನು ಕೊಟ್ಟಿರಬೇಕೆಂಬುದನ್ನು ನಾವು ಬಲ್ಲೆವು. ಆದರೆ ಅಂಕಿಗಳನ್ನು ಇನ್ನೊಂದು ಮಗ್ಗುಲಿನಿಂದ ನೋಡಿದರೆ ಸಮಾಧಾನವೂ ಉಂಟು. ಆರಂಭದಲ್ಲಿ ಅಂಜಿದ್ದಕ್ಕಿಂತ ಎರಡೂ ಕಡೆಯ ಹಳ್ಳಿಗಳಲ್ಲಿ ಶಾಲೆ ಬಿಟ್ಟವರೂ ಲಗ್ನವಾದವರೂ ಕಡಿಮೆ. ಅಂದರೆ ಗಾಳಿಯು ಎರಡೂ ಕಡೆಗೆ ಬೀಸಿತ್ತು. ಬಿಸಿಯೂಟ, ವಿದ್ಯಾರ್ಥಿವೇತನ, 2006-07ರಲ್ಲಿ ಆರಂಭವಾಗಿ ಅನೇಕ ವರುಷ ನಡೆದ ಎಂಟನೆಯ ಇಯತ್ತೆಯವರ ಸೈಕಲ್ಲು, ಊರಿಗೆ ಹತ್ತಿರವಾದ ಪ್ರೌಢಶಾಲೆ ಇಂಥ ಬೇಸರದ, ಭಾಷಣಕ್ಕೆ ಒದಗದ ಸಂಗತಿಗಳು ಸದ್ದಿಲ್ಲದೆ ಕೆಲಸ ಮಾಡಿದ್ದಿರಬೇಕೆಂಬುದು ನಮ್ಮ ತರ್ಕ. ಹುಡುಗಿಯ ಕಾಪು ಕೆಲವು ವೇಳೆ ಉಪದೇಶದಲ್ಲಿ ಇಲ್ಲ, ಸೈಕಲ್ಲಿನ ಎರಡು ಗಾಲಿಗಳಲ್ಲಿ ಇರುವದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24ರ ಪ್ರಾಯದ ಸ್ತ್ರೀಯರಲ್ಲಿ ನೂರಕ್ಕೆ 21.3 ಜನರಿಗೆ ಹದಿನೆಂಟು ತುಂಬುವ ಮೊದಲೇ ಲಗ್ನವಾಗಿತ್ತು. ಕೆಲಸ ಮುಗಿಯಿತೆಂದು ಯಾರೂ ಮಲಗುವಂತಿಲ್ಲ.

ತಂಬಾಕಿನ ವಿಷಯದಲ್ಲಿ ನಮ್ಮ ಪ್ರಾಂತಕ್ಕೆ ಒಳ್ಳೆಯ ಹೆಸರಿರುವದು. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15ರ ಪ್ರಾಯದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ಇಡಿಯ ಭಾರತದಲ್ಲಿ ನೂರಕ್ಕೆ 8.5, ಕರ್ನಾಟಕದಲ್ಲಿ 1.2 ಮಾತ್ರ. ಗುಟ್ಕಾವನ್ನು 2013ರಲ್ಲಿ ನಿಷೇಧಿಸಿದುದೂ, ತಂಬಾಕು ಕೊಳ್ಳುವ ಪ್ರಾಯವನ್ನು 2025ರಲ್ಲಿ ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಿದುದೂ ನಮ್ಮ ಸರಕಾರವೇ. ಇದನ್ನು ನಾವು ಮನಃಪೂರ್ವಕವಾಗಿ ಅಭಿನಂದಿಸುವೆವು. ಆದರೂ ಒಂದು ಸಂಶಯ. ಆ ಸಮೀಕ್ಷೆಯು ಶಾಲೆಯೊಳಗೆ ಕುಳಿತವರನ್ನು ಎಣಿಸಿತು. ಅಗಸೂರಿನ ತಾಯಿಯ ಹಿರಿಯ ಮಗನಂತೆ ಶಾಲೆ ಬಿಟ್ಟವರು ಆ ಎಣಿಕೆಯಲ್ಲಿ ಬರುವದೇ ಇಲ್ಲ. ಶಾಲೆಯ ಅಂಗಳವು ಶುದ್ಧವಾಗಿದೆಯೆಂಬ ವರದಿಯನ್ನು ಬರೆಯುವಾಗ, ಅಂಗಳದಿಂದ ಆಚೆಗೆ ಹೋದವರನ್ನು ಮರೆಯಬಾರದು.

ಅಂಕೋಲೆಗೆ ಈ ವಿಷಯವು ಹೊಸತಲ್ಲ. 1930ರ ಎಪ್ರಿಲ್ 13ರಂದು ಉಪ್ಪಿನ ಕಾಯದೆಯನ್ನು ಮುರಿದ ಊರು ಇದು. ಆ ಕಾಲದ ಕಾರ್ಯಕ್ರಮದಲ್ಲಿ ಸೆರೆಯಂಗಡಿಗಳ ಮುಂದೆ ನಿಂತು ಜನರನ್ನು ತಡೆಯುವದೂ ಒಂದಾಗಿತ್ತು. ಅದನ್ನು ಮಾಡಿದವರಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು. ಹರೆಯಕ್ಕೆ ಕೆಲಸವೊಂದು ದೊರೆತಾಗ ಅದು ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದರ ತರುವಾಯದ ಕಾಲದಲ್ಲಿ ದಿನಕರ ದೇಸಾಯರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ, ಬಡವರ ಮಕ್ಕಳು ಕಾಲ್ನಡೆಯಿಂದ ಮುಟ್ಟುವಷ್ಟು ಹತ್ತಿರದಲ್ಲಿ ಪ್ರೌಢಶಾಲೆಗಳನ್ನು ತೆರೆಯುತ್ತ ಹೋದರು. ಅವರು ‘ರಕ್ಷಕ ಅಂಶ’ವೆಂಬ ಶಬ್ದವನ್ನು ಬಳಸಲಿಲ್ಲ. ಶಾಲೆಯನ್ನು ಕಟ್ಟಿದರು.

ಇದೇ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯದೆ ಮುಂದೆ ಹೋಗಲಾರೆವು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜವೆಂದು ಜಗತ್ತು ಅವರನ್ನು ಬಲ್ಲದು. 2017ರಲ್ಲಿ ಪದ್ಮಶ್ರೀ ದೊರೆಯಿತು. 2025ರ ಫೆಬ್ರುವರಿ 13ರಂದು ತೀರಿಕೊಂಡರು. ಆದರೆ ಮಗನನ್ನು ಕುಡಿತಕ್ಕೆ ಕಳೆದುಕೊಂಡ ತಾಯಿಯಾಗಿ ಅವರು ಸೆರೆಯ ವಿರುದ್ಧ ಊರಿನ ಹೆಂಗಸರನ್ನು ಎಬ್ಬಿಸಿದುದು ನಮಗೆ ಹಾಡಿಗಿಂತ ಕಡಿಮೆಯದಾಗಿ ತೋರುವದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಹಿಂದೆ ಇಂಥ ಎಷ್ಟೋ ತಾಯಂದಿರ ಕೂಗು ಇದ್ದಿತು. ಸಾರಾಯಿ ಹೋದ ಮೇಲೆ ಬೇರೆ ಬಾಟಲಿಗಳು ಬಂದುವೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಸುಗ್ಗಿಯ ಮಾತನ್ನೂ ಇಲ್ಲಿಯೇ ಆಡುವೆವು. ಫಾಲ್ಗುಣದಲ್ಲಿ ತಲೆಗೆ ಬಣ್ಣದ ತುರಾಯಿ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ಊರೂರು ಕುಣಿಯುತ್ತ ಹೋಗುವ ಹಾಲಕ್ಕಿ ತರುಣರ ಮೇಳವನ್ನು ನೋಡಿದವರು, ಅದರಲ್ಲಿ ಹಿರಿಯನ ಮಾತಿಗೆ ಹುಡುಗನು ಹೇಗೆ ಹೆಜ್ಜೆ ಕೂಡಿಸುವನೆಂಬುದನ್ನೂ ನೋಡಿರಬೇಕು. ಅಲ್ಲಿ ಹುಡುಗನಿಗೆ ಸ್ಥಾನವುಂಟು, ಹೊಣೆಯುಂಟು, ನೋಡುವ ಊರುಂಟು. ಯಕ್ಷಗಾನದ ಮೇಳಕ್ಕೂ, ಕಬಡ್ಡಿಯ ತಂಡಕ್ಕೂ ಈ ಮಾತು ಸಲ್ಲುವದು. ಹಾಗೆಂದು ಹಳೆಯದೆಲ್ಲವೂ ಕಾಪು ಎಂಬ ಭ್ರಮೆ ನಮಗಿಲ್ಲ. ಕುಣಿತದ ರಾತ್ರಿಗೇ ಮೊದಲ ಗುಟುಕು ಕುಡಿದ ಹುಡುಗರೂ ಉಂಟು. ಕೂಟವು ಕಾಯುವದೋ ಕೆಡಿಸುವದೋ ಎಂಬುದು ಅದರ ಹಿರಿಯನು ಯಾರು ಎಂಬುದರ ಮೇಲೆ ನಿಂತಿರುವದು.

ನಮ್ಮದೇ ಮಾತೊಂದನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಪಾಠಶಾಲೆಯಲ್ಲಿದ್ದಾಗ, ಹನ್ನೆರಡು ಹದಿಮೂರರ ಪ್ರಾಯದಲ್ಲಿ, ನಾವು ಮೂವರು ಗೆಳೆಯರು ದೇವಸ್ಥಾನದ ಹಿಂದಿನ ಕೆರೆಯ ದಂಡೆಯಲ್ಲಿ ಬೀಡಿ ಸೇದುವದನ್ನು ಕಲಿತಿದ್ದೆವು. ಒಂದು ದಿನ ಪಂಡಿತರ ಕಣ್ಣಿಗೆ ಬಿದ್ದೆವು. ಒಬ್ಬನ ತಂದೆಗೆ ಸುದ್ದಿ ಹೋಯಿತು, ಅವನಿಗೆ ಚರ್ಮ ಸುಲಿಯುವಂತೆ ಹೊಡೆತ ಬಿತ್ತು. ಮರುವಾರವೇ ಅವನು ಪಾಠಶಾಲೆ ಬಿಟ್ಟನು. ಇನ್ನೊಬ್ಬನಿಗೆ ತಂದೆಯಿರಲಿಲ್ಲ, ಸುದ್ದಿ ಎಲ್ಲಿಗೂ ಹೋಗಲಿಲ್ಲ. ನಮಗೆ ಪಂಡಿತರು ಮರುದಿನದಿಂದ ಪಾಠಶಾಲೆಯ ಬೀಗದ ಕೈಯನ್ನು ಕೊಟ್ಟರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯಬೇಕು, ಪುಸ್ತಕದ ಕಪಾಟಿನ ಧೂಳು ಒರೆಸಬೇಕು. ಬೀಡಿಯ ಮಾತನ್ನೇ ಎತ್ತಲಿಲ್ಲ. ನಮ್ಮ ಯೋಗ್ಯತೆಯಿಂದ ನಾವು ಉಳಿದೆವೆಂದು ಬಹುಕಾಲ ತಿಳಿದಿದ್ದೆವು. ಕವಾಯಿಯ ವಿದುಷಿಯರ ಕೆಲಸವನ್ನು ಓದಿದ ಮೇಲೆ ಆ ಬೀಗದ ಕೈಯು ನೆನಪಾಯಿತು. ಪಂಡಿತರು ಅದನ್ನು ಮೂವರಿಗೂ ಕೊಟ್ಟಿದ್ದರೆ ಎಂಬ ವಿಚಾರವೂ ಬಂದಿತು. ಹೊಡೆತ ತಿಂದವನು ನಲವತ್ತು ತುಂಬುವದರೊಳಗೆ ಪಿತ್ತಜನಕಾಂಗವು ಕೆಟ್ಟು ತೀರಿಕೊಂಡನು.

ಈಗ ಅಗಸೂರಿನಂಥ ಊರಿಗೆ ಏನಾಗಬೇಕು? ಕಾಗದದ ಮೇಲೆ ಬಹಳವುಂಟು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಹರೆಯದವರಿಗೆಂದೇ ನಮ್ಮ ಆಸ್ಪತ್ರೆಗಳಲ್ಲಿ ‘ಸ್ನೇಹ’ ಎಂಬ ಚಿಕಿತ್ಸಾಲಯಗಳನ್ನು ತೆರೆದರು. ಆಮೇಲೆ ನಿಮ್ಹಾನ್ಸ್ ಮತ್ತು ಯುವಜನ ಇಲಾಖೆಗಳು ಕೂಡಿ ‘ಯುವ ಸ್ಪಂದನ’ ಕೇಂದ್ರಗಳನ್ನು ಜಿಲ್ಲೆಗಳಲ್ಲಿ ತೆರೆದುವು, ತರುಣರನ್ನೇ ‘ಯುವ ಪರಿವರ್ತಕ’ರೆಂದು ತರಬೇತು ಮಾಡಿದುವು. ವಿಚಾರವು ಒಳ್ಳೆಯದು. ಆದರೆ ಜಿಲ್ಲಾ ಕೇಂದ್ರವೆಂದರೆ ಕಾರವಾರ. ಅಂಕೋಲೆಯಿಂದಲೇ ಮೂವತ್ತು ಕಿಲೋಮೀಟರಿಗೂ ಮೇಲೆ. ಅಗಸೂರಿನ ಹುಡುಗನು ಮೊದಲು ಅಂಕೋಲೆಗೆ ಬರಬೇಕು, ಅಲ್ಲಿಂದ ಇನ್ನೊಂದು ಬಸ್ಸು. ಮನಸ್ಸು ಮುರಿದ ಹದಿನೈದರ ಹುಡುಗನು ಎರಡು ಬಸ್ಸು ಬದಲಿಸಿ ತನ್ನ ದುಃಖವನ್ನು ಹೇಳಲು ಹೋಗುವನೆಂದು ನಂಬುವವರು ಹದಿನೈದರ ಹುಡುಗರನ್ನು ಕಂಡವರಲ್ಲ. ಬಿಹಾರದ ‘ಮಿತ್ರ’ನು ಫಲ ಕೊಟ್ಟುದು ಆತನು ಶಾಲೆಯಲ್ಲಿಯೇ ಇದ್ದುದರಿಂದ.

ಆದುದರಿಂದ ಪ್ರತಿ ಪ್ರೌಢಶಾಲೆಗೆ, ಅದಾಗದಿದ್ದರೆ ಎರಡು ಮೂರು ಶಾಲೆಗಳಿಗೊಬ್ಬರಂತೆ, ಪಾಠದ ಹೊರೆಯಿಲ್ಲದ ಒಬ್ಬ ವ್ಯಕ್ತಿಯನ್ನು ಈ ಕೆಲಸಕ್ಕೆಂದೇ ನೇಮಿಸಬೇಕೆಂದು ನಾವು ಸರಕಾರವನ್ನು ಒತ್ತಾಯಪಡಿಸುವೆವು. ಊರಿನವರೇ ಆದ, ಓದಿದ, ಕೆಲಸವಿಲ್ಲದ ತರುಣ ತರುಣಿಯರು ನಮ್ಮ ತಾಲೂಕಿನಲ್ಲಿ ಬೇಕಾದಷ್ಟಿರುವರು. ದುಡ್ಡೆಲ್ಲಿಯದೆಂದು ಕೇಳುವ ಅಧಿಕಾರಿಗಳಿಗೆ ಅಬಕಾರಿ ಖಾತೆಯ ಉತ್ಪನ್ನವನ್ನು ನೆನಪು ಮಾಡಿಕೊಡುವೆವು. ಶಾಲೆಗಳನ್ನು ಕೂಡಿಸುವ, ಮುಚ್ಚುವ ಯೋಚನೆ ಬಂದಾಗಲೆಲ್ಲ ಮಕ್ಕಳ ಸಂಖ್ಯೆಯೊಂದನ್ನೇ ನೋಡದೆ, ದಾರಿ ಎಷ್ಟು ದೂರವಾಗುವದೆಂಬುದನ್ನೂ ನೋಡಲಿ. ಮಳೆಗಾಲದ ನಾಲ್ಕು ತಿಂಗಳು ನಮ್ಮ ಹಳ್ಳಗಳು ಹೇಗಿರುವವೆಂದು ಬೆಂಗಳೂರಿನ ನಕಾಶೆಯಲ್ಲಿ ಬರೆದಿರುವದಿಲ್ಲ. ಗ್ರಾಮ ಪಂಚಾಯತಿಯು ಬೇರೇನನ್ನೂ ಮಾಡಲಾಗದಿದ್ದರೆ, ಸಂಜೆಯ ಹೊತ್ತು ಶಾಲೆಯ ಮೈದಾನದ ಬೀಗವನ್ನಾದರೂ ತೆಗೆಯಿಸಲಿ. ಬೀಗ ಹಾಕಿದ ಮೈದಾನಕ್ಕಿಂತ ತೆರೆದ ಗೂಡಂಗಡಿಯು ಹುಡುಗರಿಗೆ ಹತ್ತಿರ.

ತಾಯಿಯ ಪ್ರಶ್ನೆಗೆ ಉತ್ತರವನ್ನು ಅವರಿಂದಲೇ ತಿಳಿಯಬೇಕೆಂದು ನಾವು ಹೋದ ತಿಂಗಳು ಅಗಸೂರಿನ ಕಡೆಗೆ ಹೋಗಿದ್ದೆವು. ಹುಬ್ಬಳ್ಳಿಯ ಹೆದ್ದಾರಿಯನ್ನು ಬಿಟ್ಟು ಒಳದಾರಿಯಲ್ಲಿ ನಡೆದು, ಗದ್ದೆಯ ಏರಿಯ ಮೇಲಿನಿಂದ ಮನೆಯನ್ನು ಮುಟ್ಟಿದೆವು. ಕಿರಿಯವನು ಏಕೆ ಉಳಿದನಮ್ಮಾ ಎಂದು ಕೇಳಿದೆವು. ಅವರು ಕೂಡಲೇ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹಿರಿಯವನು ಶಾಲೆ ಬಿಟ್ಟ ವರುಷವೇ ನೆರೆಮನೆಯ ಅಜ್ಜನೊಬ್ಬನ ಕಣ್ಣು ಮಂಜಾದುದನ್ನು ಹೇಳಿದರು. ಆ ಅಜ್ಜನಿಗೆ ಪ್ರತಿ ಸಂಜೆ ಪತ್ರಿಕೆಯನ್ನು ಓದಿ ಹೇಳಲು ಒಬ್ಬ ಹುಡುಗ ಬೇಕಾಗಿದ್ದನಂತೆ. ಕಿರಿಯವನು ನಾಲ್ಕು ವರುಷ ದಿನಾಲು ಹೋಗಿ ಓದಿದನು. ಓದಿ ಮುಗಿಯುವ ಹೊತ್ತಿಗೆ ಕತ್ತಲಾಗುತ್ತಿತ್ತು, ಗೂಡಂಗಡಿಯ ಗೆಳೆಯರು ಚದುರಿರುತ್ತಿದ್ದರು. ಅಜ್ಜನು ಅವನ ಪರೀಕ್ಷೆಯ ಅಂಕಗಳನ್ನು ಕೇಳುತ್ತಿದ್ದನು, ತಂದೆಯು ಹೊಡೆದ ದಿನ ಅಲ್ಲಿಯೇ ಮಲಗಿಸಿಕೊಳ್ಳುತ್ತಿದ್ದನು. ಅಜ್ಜನು ತೀರಿಕೊಂಡು ಎರಡು ವರುಷವಾಯಿತು. ಹುಡುಗನು ಈಗ ಅಂಕೋಲೆಯಲ್ಲಿ ಕಾಲೇಜಿಗೆ ಹೋಗುತ್ತಿರುವನು.

ಹಿರಿಯ ಮಗನು ಮನೆಯಲ್ಲಿಯೇ ಇದ್ದನು. ನಾವು ಮಾತನಾಡುವಾಗ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಕೇಳಿದನು. ಹೊರಡುವ ವೇಳೆಗೆ, ಹೆದ್ದಾರಿಯವರೆಗೆ ದಾರಿ ತೋರಿಸುವೆನೆಂದು ತಾನಾಗಿಯೇ ನಮ್ಮ ಸಂಗಡ ಬಂದನು. ಅವನ ಪ್ರಾಯ ಇನ್ನೂ ಇಪ್ಪತ್ತೆರಡು.